ಮೂಲೆಯಿಂದ ಮೂಲೆಗೆ ಅರ್ಧ ಅಡಿ ವ್ಯತ್ಯಾಸ

ಪ್ರಶ್ನೆ: 30×40 ಅಡಿ ಪಾಯಕ್ಕೆ ಗೂಟ ಹೊಡೆದು ದಾರ ಕಟ್ಟಿದ್ದೇವೆ. ಮೂಲೆ ಹಿಡಿದದ್ದು 3-4-5 ಲೆಕ್ಕದಲ್ಲೇ (ಒಂದು ಬದಿಗೆ 3, ಇನ್ನೊಂದಕ್ಕೆ 4 ಅಡಿ ಗುರುತಿಸಿ, ಗುರುತುಗಳ ನಡುವೆ 5 ಅಡಿ ಬಂದರೆ ಮೂಲೆ 90 ಡಿಗ್ರಿ). ನಾಲ್ಕೂ ಬದಿಯ ಅಳತೆ ಸರಿಯಾಗಿದೆ. ಆದರೂ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಒಂದು ಕಡೆ 50 ಅಡಿ 3 ಇಂಚು, ಇನ್ನೊಂದು ಕಡೆ 49 ಅಡಿ 9 ಇಂಚು. ಪೈಥಾಗೊರಸ್ ಸೂತ್ರ ಎಲ್ಲಿ ಕೈಕೊಟ್ಟಿತು?

ಉತ್ತರ: ಸೂತ್ರದಲ್ಲಿ ತಪ್ಪಿಲ್ಲ, ನೀವು ಹಿಡಿದ ತ್ರಿಕೋನ ತೀರಾ ಚಿಕ್ಕದಾಯಿತು. 3 ಮತ್ತು 4 ಅಡಿಗೆ ಗುರುತು ಹಾಕಿ 5 ಅಡಿ ಕೂಡಿಸುವಾಗ ಟೇಪು ಕಾಲಿಂಚು ಆಚೀಚೆಯಾದರೂ ಮೂಲೆ ಅರ್ಧ ಡಿಗ್ರಿ ತಿರುಗುತ್ತದೆ. ಗೂಟದ ದಪ್ಪವೇ ಅಷ್ಟು ತಪ್ಪಿಸಬಲ್ಲದು. ಅದಕ್ಕೇ ಗೂಟದ ತಲೆಗೆ ಮೊಳೆ ಹೊಡೆದು ಮೊಳೆಯಿಂದ ಅಳೆಯಬೇಕು. ಅರ್ಧ ಡಿಗ್ರಿ ತಿರುಗಿದ ದಾರ 40 ಅಡಿ ಹೋಗುವಷ್ಟರಲ್ಲಿ 4 ಇಂಚಿಗೂ ಹೆಚ್ಚು ವಾಲಿರುತ್ತದೆ. ಅದೇ ಕಾಲಿಂಚು 12-16-20 ಅಡಿಯ ತ್ರಿಕೋನದಲ್ಲಿ ತಪ್ಪಿದರೆ ಆ ತುದಿಯಲ್ಲಿ ಕಾಣುವುದು ಸುಮಾರು 1 ಇಂಚು. ನಿಮ್ಮ ಪಾಯವಂತೂ 3-4-5ರ ಹತ್ತು ಪಟ್ಟು. ಎರಡೂ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗಿನ ಅಳತೆ, 50 ಅಡಿಗೆ ಕೂಡಬೇಕು.

ಈಗ ಹೀಗೆ ಸರಿಪಡಿಸಿ. 40 ಅಡಿಯ ಒಂದು ಬದಿಯನ್ನು ಮುಟ್ಟಬೇಡಿ. ಅದರ ಎದುರು ಬದಿಯ ಎರಡೂ ಗೂಟಗಳನ್ನು ಅದೇ ದಾರದ ನೇರಕ್ಕೆ, ಉದ್ದದ ಕರ್ಣ ಕುಗ್ಗುವ ದಿಕ್ಕಿಗೆ, 3¾ ಇಂಚು ಸರಿಸಿ. ಒಂದೇ ಗೂಟ ಕಿತ್ತು ಹೊಡೆದರೆ ಕರ್ಣ ಕೂಡಬಹುದು, ಬದಿ ಕೆಡುತ್ತದೆ. ಕರ್ಣಗಳು ಸಮವಾದ ಮಾತ್ರಕ್ಕೆ ಮೂಲೆ ಸರಿ ಎಂದೂ ನಂಬಬೇಡಿ: ಒಂದು ಬದಿ 40, ಎದುರಿನದು 39 ಅಡಿ ಇದ್ದರೂ ಕರ್ಣಗಳು ಸಮ ಬರಬಹುದು. ಹಾಗಾಗಿ ಬದಿಗಳನ್ನು ಮತ್ತೊಮ್ಮೆ ಅಳೆಯಿರಿ.

ನೆಲ ಇಳಿಜಾರಾಗಿದ್ದರೆ ಟೇಪನ್ನು ನೆಲಕ್ಕೆ ತಾಗಿಸದೆ ಮಟ್ಟವಾಗಿ, ಬಿಗಿಯಾಗಿ ಹಿಡಿಯಬೇಕು. 40 ಅಡಿಗೆ 2 ಅಡಿ ಇಳಿಜಾರಿದ್ದರೆ ನೆಲದ ಮೇಲಿನ ಅಳತೆ ಅರ್ಧ ಇಂಚಿಗಿಂತ ಹೆಚ್ಚು ಸುಳ್ಳು ಹೇಳುತ್ತದೆ.

ಪ್ರಶ್ನೆ: ಎರಡೂ ಕಡೆ ಇಳಿಜಾರಿನ ಮಾಡು. ಅಗಲ 20 ಅಡಿ, ನಡುವಿನ ಎತ್ತರ 5 ಅಡಿ. ಶೀಟು ಎಷ್ಟು ಉದ್ದ ಬೇಕು?

ಉತ್ತರ: ಅರ್ಧ ಅಗಲ 10 ಅಡಿ. 10ರ ವರ್ಗ 100ಕ್ಕೆ 5ರ ವರ್ಗ 25 ಕೂಡಿಸಿದರೆ 125, ಅದರ ವರ್ಗಮೂಲ 11.18 ಅಡಿ. ಇದನ್ನು 11 ಅಡಿ 18 ಇಂಚು ಎಂದು ಓದಿ ಶೀಟು ಕತ್ತರಿಸುವವರಿದ್ದಾರೆ! 0.18ನ್ನು 12ರಿಂದ ಗುಣಿಸಿ: 2 ಇಂಚು ಚಿಲ್ಲರೆ. ಗೋಡೆಯಿಂದ ಹೊರಗೆ ಒಂದೂವರೆ ಅಡಿ ಚಾಚುವುದಿದ್ದರೆ ಉದ್ದಕ್ಕೆ ಬರೀ ಒಂದೂವರೆ ಸೇರಿಸಿದರೆ ಸಾಲದು, ಅದೂ ಇಳಿಜಾರಲ್ಲೇ ಹೋಗುತ್ತದಲ್ಲ. 10ಕ್ಕೆ ಒಂದೂವರೆ ಸೇರಿಸಿದ 11.5ನ್ನು 1.118ರಿಂದ (11.18ನ್ನು 10ರಿಂದ ಭಾಗಿಸಿದ್ದು) ಗುಣಿಸಿ, 12 ಅಡಿ 10¼ ಇಂಚು ಸಿಗುತ್ತದೆ.