ಸೂರ್ಯ ಮುಳುಗಿದ ಮೇಲೆ ಆಕಾಶ ಅಷ್ಟು ಕಡು ನೀಲಿ ಆಗೋದು ಯಾಕೆ?

ಮುಖ್ಯ ಕಾರಣ ಓಝೋನ್. ಹಗಲಿನ ತಿಳಿನೀಲಿಗೆ ಗಾಳಿಯ ಅಣುಗಳು ಬೆಳಕನ್ನು ಚದುರಿಸಿದರೆ ಸಾಕು. ಮುಸ್ಸಂಜೆಯ ನೀಲಿಗೆ ಅಷ್ಟು ಸಾಲದು.

ಸೂರ್ಯ ಕೆಳಗಿಳಿದಾಗ ಬೆಳಕು ಗಾಳಿಯೊಳಗೆ ಓರೆಯಾಗಿ ತುಂಬಾ ದೂರ ಸಾಗಿ ಬರಬೇಕು. ದಾರಿಯಲ್ಲೇ ನೀಲಿ ಬಹುಪಾಲು ಚದುರಿಹೋಗುತ್ತದೆ. ಹಾಗೆ ನೋಡಿದರೆ ನೆತ್ತಿಯ ಮೇಲಿನ ಆಕಾಶ ಹಳದಿಗೆ ತಿರುಗಬೇಕಿತ್ತು, ಅಲ್ವಾ? ಆದರೆ ಮೇಲಿರುವ ಓಝೋನ್ ಪದರ ಹಳದಿ, ಕಿತ್ತಳೆ, ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನೀಲಿಯನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ನಡುಹಗಲಲ್ಲೂ ಹೀರುತ್ತದೆ, ಆದರೆ ಆಗ ದಾರಿ ಚಿಕ್ಕದು, ಗೊತ್ತೇ ಆಗುವುದಿಲ್ಲ. ಇದನ್ನು 1953ರಲ್ಲಿ ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ ಲೆಕ್ಕ ಹಾಕಿ ತೋರಿಸಿದರು.

ನನ್ನ ಮಟ್ಟಿಗೆ ನೀಲಿ ಅಂದರೆ ಇದೇ, ಕಡಲಿನದ್ದೂ ಇದರ ಮುಂದೆ ಸಪ್ಪೆ. ನೋಡುವಾಗ ಪಶ್ಚಿಮಕ್ಕಲ್ಲ, ನೇರ ತಲೆಯ ಮೇಲೆ ನೋಡಿ.