100ರಲ್ಲಿ ಒಂದು ಕಾರು, 59 ಲಕ್ಷ: ಕೊಡಬಹುದಾ?

ಪ್ರಶ್ನೆ: ಸರ್, 11 ವರ್ಷದಿಂದ ಪೋಲೋ ಜಿಟಿ ಟಿಎಸ್‌ಐ ಓಡಿಸ್ತಿದ್ದೀನಿ. ಈಗ ಒಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಸಿಕ್ಕಿದೆ. 2025ರಲ್ಲಿ ಇಲ್ಲಿಗೆ ಬಂದ 100 ಕಾರುಗಳಲ್ಲಿ ಒಂದು. ವಯಸ್ಸು 7 ತಿಂಗಳು, 5,800 ಕಿಲೋಮೀಟರ್ ಓಡಿದೆ, ಬೆಂಗಳೂರಿನದೇ ರಿಜಿಸ್ಟ್ರೇಷನ್. ಮಾಲೀಕರಿಗೆ ಆನ್‌ರೋಡ್ 62 ಲಕ್ಷ ಬಿದ್ದಿತ್ತಂತೆ, 59 ಕೇಳ್ತಿದ್ದಾರೆ. ಕೈಯಲ್ಲಿ 25 ಇದೆ, ಉಳಿದಿದ್ದು ಸಾಲ. ದಿನಾ ಜೆ.ಪಿ. ನಗರದಿಂದ ವೈಟ್‌ಫೀಲ್ಡ್‌ಗೆ ಆಫೀಸು, ತಿಂಗಳಿಗೊಮ್ಮೆ ಮೈಸೂರು. ಹೆಂಡತಿ "ಆ ದುಡ್ಡಿಗೆ ಎಲ್ಲಾದ್ರೂ ಸೈಟ್ ಬರ್ತಿತ್ತು" ಅಂತಾಳೆ. ಭಾನುವಾರ ಇನ್ನೊಬ್ಬರು ನೋಡೋಕೆ ಬರ್ತಾರಂತೆ. ಬೇಗ ಹೇಳಿ.
(ಒಬ್ಬ ಓದುಗರು, ಜೆ.ಪಿ. ನಗರ)

ಉತ್ತರ: ಸೈಟಿನ ಜಗಳಕ್ಕೆ ನಾನು ಬರಲ್ಲ. ಅದನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಿ. ಕಾರಿನ ಲೆಕ್ಕ ಮಾತ್ರ ಹೇಳ್ತೀನಿ.

ಮೊದಲು ಆ 62 ಲಕ್ಷವನ್ನು ಬಿಡಿಸಿ ನೋಡೋಣ. ಶೋರೂಮ್ ಬೆಲೆ 49.99 ಲಕ್ಷ. 20 ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ 18% ಲೈಫ್ ಟ್ಯಾಕ್ಸ್, ಅದರ ತಲೆ ಮೇಲೆ ಸೆಸ್, ಎಲ್ಲಾ ಸೇರಿ ಹತ್ತಿರ ಹತ್ತಿರ 10 ಲಕ್ಷ. ಉಳಿದದ್ದು ಇನ್ಶೂರೆನ್ಸ್, ಮತ್ತೆ 1% ಟಿಸಿಎಸ್, ಅಂದರೆ ಕಾರು ಮಾರುವಾಗಲೇ ಶೋರೂಮ್‌ನವರು ಹಿಡಿದುಕೊಳ್ಳುವ ಆದಾಯ ತೆರಿಗೆ. ಈ ಟಿಸಿಎಸ್ ಅರ್ಧ ಲಕ್ಷವನ್ನು ಅವರು ತಮ್ಮ ಐಟಿ ರಿಟರ್ನ್ಸ್‌ನಲ್ಲಿ ಹಿಡಿದುಕೊಳ್ಳಬಹುದು, ಹಾಗಾಗಿ ಅದು ಕಾರಿನ ಬೆಲೆಯೇ ಅಲ್ಲ, ಅದನ್ನೂ ಸೇರಿಸಿ "62 ಆಯ್ತು" ಅನ್ನುವುದು ನಿಮ್ಮ ಹತ್ತಿರ ಎರಡನೇ ಸಲ ವಸೂಲಿ ಮಾಡಿದ ಹಾಗೆ. ಇನ್ಶೂರೆನ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ ತಿಂದು ಮುಗಿಸಿದ್ದಾರೆ. ಕಾರಿನ ಜೊತೆ ನಿಮ್ಮ ಕೈಗೆ ನಿಜವಾಗಿ ಬರುವುದು ಆ 10 ಲಕ್ಷದ ಟ್ಯಾಕ್ಸ್. ಅದಕ್ಕೆ ಬೆಲೆ ಕೊಡಲೇಬೇಕು, ಅದರಲ್ಲಿ ಅನ್ಯಾಯ ಇಲ್ಲ.

ಕಾರಿಗೆ 12ರಿಂದ 15% ಕಳೆಯಿರಿ. ಟ್ಯಾಕ್ಸನ್ನು ಹೆಚ್ಚುಕಮ್ಮಿ ಪೂರ್ತಿ ಸೇರಿಸಿ. ನನ್ನ ಲೆಕ್ಕದಲ್ಲಿ 52, ತೀರಾ ಮನಸ್ಸಾದರೆ 53. ಅದಕ್ಕಿಂತ ಮೇಲಿನ 6 ಲಕ್ಷ ಬರೀ "100ರಲ್ಲಿ ಒಂದು" ಅನ್ನುವ ಮಾತಿಗೆ.

ಆ ಮಾತು ಸುಳ್ಳಲ್ಲ. 2020ರಲ್ಲಿ ಹಳೆ ಆರ್‌ಎಸ್ 245 ಬಂದಾಗ 200 ಕಾರು ಬಂದಿದ್ದವು, 35.99 ಲಕ್ಷಕ್ಕೆ. ಅದನ್ನು ಮಾರುವವರು ಇವತ್ತಿಗೂ ಗತ್ತಿನಲ್ಲೇ ರೇಟು ಹೇಳ್ತಾರೆ. ಆದರೆ ಇನ್ಶೂರೆನ್ಸ್ ಕಂಪನಿಗೆ ಆ ಗತ್ತು ಗೊತ್ತಿಲ್ಲ. ಅವರ ಪಟ್ಟಿಯಲ್ಲಿ 6 ತಿಂಗಳೊಳಗಿನ ಕಾರಿಗೆ 5% ಸವಕಳಿ, ಒಂದು ವರ್ಷದವರೆಗೆ 15%, ಎರಡು ವರ್ಷದವರೆಗೆ 20%. ಇನ್ನು 5 ತಿಂಗಳಿಗೆ ನೀವು ರಿನ್ಯೂವಲ್ ಮಾಡಿಸುವಾಗ ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಮೊತ್ತ, 42 ಲಕ್ಷದ ಆಸುಪಾಸು ಬರುತ್ತೆ. ನೀವು ಕೊಟ್ಟಿರುವುದು 59. ಅದಾದ ಮಾರನೇ ದಿನ ಕಾರು ಕಳುವಾಯಿತು ಅಥವಾ ರಾಜಕಾಲುವೆ ಉಕ್ಕಿ ಬೇಸ್‌ಮೆಂಟ್‌ನಲ್ಲಿ ಮುಳುಗಿತು ಅಂದುಕೊಳ್ಳಿ, 17 ಲಕ್ಷ ನಿಮ್ಮ ತಲೆ ಮೇಲೆ, ಸಾಲದ ಕಂತು ಬೇರೆ. ಹೊಸ ಕಾರು ಕೊಂಡವರಿಗೆ ರಿಟರ್ನ್ ಟು ಇನ್‌ವಾಯ್ಸ್ ಅಂತ ಒಂದು ಆಡ್-ಆನ್ ಇರುತ್ತೆ, ಪೂರ್ತಿ ಬಿಲ್ ಮೊತ್ತ ಸಿಗುವಂಥದ್ದು. ಎರಡನೇ ಮಾಲೀಕರಿಗೆ ಸಾಮಾನ್ಯವಾಗಿ ಅದು ಸಿಗಲ್ಲ. ಮಾರುವವರ ನೋ ಕ್ಲೈಮ್ ಬೋನಸ್ಸೂ (ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ಅದು ಮಾಲೀಕರದ್ದು, ಕಾರಿನದ್ದಲ್ಲ. ನಿಮ್ಮ ಪೋಲೋದ ಬೋನಸ್ ಇದ್ದರೆ ಅದನ್ನು ಇದಕ್ಕೆ ತನ್ನಿ.

ಸಾಲಕ್ಕೂ ಇದೇ ಕಥೆ. 34 ಲಕ್ಷಕ್ಕೆ 11% ಬಡ್ಡಿ, 5 ವರ್ಷ ಅಂತ ಇಟ್ಟುಕೊಂಡರೆ ತಿಂಗಳಿಗೆ 74 ಸಾವಿರದ ಹತ್ತಿರ ಕಂತು. ಬ್ಯಾಂಕಿನ ವ್ಯಾಲ್ಯುಯರ್ ಬಂದು ಕಾರಿಗೆ ಎಷ್ಟು ಬೆಲೆ ಬರೀತಾನೆ ನೋಡಿ. ನಾನು ಹೇಳಿದ್ದಕ್ಕಿಂತ ಅದು ನಿಮಗೆ ಬೇಗ ಅರ್ಥ ಆಗುತ್ತೆ.

ಈಗ ಕಾರಿನ ವಿಷಯ. ಕಾರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 2 ಲೀಟರ್ ಟರ್ಬೊ, 265 ಪಿಎಸ್ ಪವರ್, 370 ಎನ್‌ಎಂ ಟಾರ್ಕ್, 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್, ನಿಂತಲ್ಲಿಂದ 100ಕ್ಕೆ 6.4 ಸೆಕೆಂಡ್. ಹಿಂದೆ ಇಡೀ ಸಂಸಾರದ ಲಗೇಜ್ ಹಿಡಿಸುವ ಡಿಕ್ಕಿ. ಆದರೆ ಇದನ್ನು ಓಡಿಸೋದು ಎಲ್ಲಿ ಸ್ವಾಮಿ? ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟುವಾಗ 265ರಲ್ಲಿ 20 ಕೂಡ ಕೆಲಸಕ್ಕೆ ಬರಲ್ಲ. ಮೈಸೂರು ಹೈವೇಯಲ್ಲಿ 100ರ ಮಿತಿ, ಮೇಲೆ ಕ್ಯಾಮೆರಾ, 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್. ಮನಸಾರೆ ಒತ್ತಬೇಕು ಅಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್, ಇಲ್ಲ ಕೊಯಮತ್ತೂರಿನ ಕರಿ ಟ್ರ್ಯಾಕ್. ಅಲ್ಲಿ ಏನಾದರೂ ಆದರೆ ಮಾಮೂಲಿ ಪಾಲಿಸಿ ಬಿಡಿಗಾಸು ಕೊಡಲ್ಲ.

ಇನ್ನು ಟೈರು. 19 ಇಂಚಿನ ಚಕ್ರಕ್ಕೆ 40 ಪ್ರೊಫೈಲ್ ಟೈರು, ಅಂದರೆ ರಿಮ್ಮಿಗೂ ಗುಂಡಿಗೂ ನಡುವೆ ಮೂರೂವರೆ ಇಂಚು ರಬ್ಬರ್. ನನಗೇ ಆಗಿದ್ದು ಹೇಳ್ತೀನಿ. ಇಂಥದೇ ತೆಳು ಟೈರಿನ ಒಂದು ಕಾರು ಇತ್ತು ನನ್ನ ಹತ್ತಿರ. ಮಳೆಗಾಲದ ಒಂದು ರಾತ್ರಿ ನೀರು ತುಂಬಿದ ಗುಂಡಿಗೆ ಇಳಿಸಿದೆ, "ಟಪ್" ಅಂತ ಒಂದೇ ಸದ್ದು, ಟೈರಿನ ಪಕ್ಕ ಹರಿದು ರಿಮ್ ಅಂಚು ತಟ್ಟೆ ಹಾಗೆ ಬಗ್ಗಿತ್ತು. ಸರ್ವಿಸ್ ಸೆಂಟರ್‌ನವರು ಹೊಸ ರಿಮ್ ತರಿಸಬೇಕು, ಮೂರು ವಾರ ಅಂದರು. ಐದನೇ ವಾರ ನಾನು ಕಾಯೋದು ಬಿಟ್ಟೆ, ಜೆ.ಸಿ. ರಸ್ತೆ ಹಿಂದಿನ ಗಲ್ಲಿಯಲ್ಲಿ ಒಬ್ಬ ಹುಡುಗ ಒಂದು ಮಧ್ಯಾಹ್ನದಲ್ಲಿ ನೆಟ್ಟಗೆ ಮಾಡಿಕೊಟ್ಟ. ನಿಮ್ಮದು ಪೂರ್ತಿ ಹೊರಗಿನಿಂದ ಬಂದ ಕಾರು, ದೇಶದಲ್ಲಿ ಇರೋದೇ 100. ಬಂಪರ್, ಹೆಡ್‌ಲೈಟ್ ಒಡೆದರೆ ಎಷ್ಟು ದಿನ ಕಾಯಬೇಕು ಅಂತ ಕೊಳ್ಳುವ ಮುಂಚೆ ಪಾರ್ಟ್ಸ್ ಕೌಂಟರಿನಲ್ಲೇ ಕೇಳಿ, ಸೇಲ್ಸ್‌ನವರನ್ನಲ್ಲ.

ಇಷ್ಟೆಲ್ಲಾ ಕೇಳಿಯೂ ಬೇಕು ಅನಿಸುತ್ತಾ? ಅನಿಸುತ್ತೆ, ಗೊತ್ತು, ಇಲ್ಲದಿದ್ದರೆ 11 ವರ್ಷ ಜಿಟಿ ಇಟ್ಟುಕೊಳ್ತಿರಲಿಲ್ಲ. ಹಾಗಾದರೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಹೋಗಿ, ಅವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಮೊಬೈಲ್ ಟಾರ್ಚ್ ಹಾಕಿ ಮುಂದಿನ ಬಂಪರ್ ಅಡಿಗೆ ಕೈ ಹಾಕಿ, ರಸ್ತೆ ಹಂಪ್‌ಗೆ ಉಜ್ಜಿದ ಗೀರು ಒಂದೆರಡು ಇದ್ದೇ ಇರುತ್ತೆ, ಬಿರುಕು ಇರಬಾರದು. ಟೈರಿನ ಪಕ್ಕ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2225 ಅಂದರೆ 2025ರ 22ನೇ ವಾರದ ಟೈರು. ನಾಲ್ಕೂ ಟೈರಿನ ತಾರೀಕು ಆಸುಪಾಸು ಇರಬೇಕು, ಒಂದು ಮಾತ್ರ ಹೊಸದಾಗಿದ್ದರೆ ಯಾಕೆ ಅಂತ ಕೇಳಿ. ಇದು ಮುಂದಿನ ಚಕ್ರ ಎಳೆಯುವ ಕಾರು, ಹಾಗಾಗಿ ಮುಂದಿನ ಎರಡು ಸ್ವಲ್ಪ ಜಾಸ್ತಿ ಸವೆದಿರೋದು ಸಹಜ. ಆದರೆ 5,800ಕ್ಕೇ ಬೋಳಾಗಿದ್ದರೆ ಅದರ ಮಾಲೀಕರು ಸಿಗ್ನಲ್ ಸಿಗ್ನಲ್‌ಗೂ ರೇಸ್ ಆಡಿದ್ದಾರೆ.

ಎಲ್ಲಕ್ಕಿಂತ ಮುಖ್ಯ ರಿಮ್ಯಾಪ್. ಈ ಇಂಜಿನ್‌ಗೆ ಲ್ಯಾಪ್‌ಟಾಪ್ ಚುಚ್ಚಿ ಪವರ್ ಏರಿಸುವವರು ಊರು ತುಂಬಾ ಇದ್ದಾರೆ. ಮಾರುವ ಮುಂಚೆ ಹಳೆ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಗುರುತು ಉಳಿಯಬಹುದು. ಕಂಪನಿ ಕಂಪ್ಯೂಟರಿನಲ್ಲಿ ಟಿಡಿ1, ಅಂದರೆ ಸಾಫ್ಟ್‌ವೇರ್ ತಿದ್ದಿದ್ದಾರೆ ಅನ್ನುವ ಗುರುತು, ಒಂದು ಸಲ ಬಿದ್ದರೆ ಇಂಜಿನ್, ಗೇರ್‌ಬಾಕ್ಸ್ ವಾರಂಟಿ ಮರೆತುಬಿಡಿ. ಚಾಸಿಸ್ ನಂಬರ್ ಹಿಡಿದು ಮಾಲೀಕರ ಜೊತೆಗೇ ಸರ್ವಿಸ್ ಸೆಂಟರ್‌ಗೆ ಹೋಗಿ, ವಾರಂಟಿ ಎಷ್ಟಿದೆ, ಈ ಗುರುತು ಇದೆಯಾ ಅಂತ ನೋಡಿಸಿ. ಮಾಲೀಕರು "ಅದೆಲ್ಲಾ ಯಾಕೆ ಸರ್" ಅಂದರೆ ಅಲ್ಲಿಂದಲೇ ಮನೆಗೆ ಬನ್ನಿ.

ಭಾನುವಾರ ಬರುವವರು ಬರಲಿ. 52 ಅಂತ ಹೇಳಿ ನಿಮ್ಮ ನಂಬರ್ ಕೊಟ್ಟು ಬನ್ನಿ, ಮಂಗಳವಾರ ನೀವೇ ಒಂದು ಫೋನ್ ಮಾಡಿ. ಕಾರು ಅಲ್ಲೇ ಇದ್ದರೆ ಮಾತಾಡುವ ಧಾಟಿ ಬದಲಾಗಿರುತ್ತೆ. ಹೋಗಿದ್ದರೆ, ವರ್ಟಸ್ ಜಿಟಿಯನ್ನೋ ಸ್ಲಾವಿಯಾವನ್ನೋ, 1.5 ಲೀಟರಿನದು, 150 ಪಿಎಸ್, ಒಮ್ಮೆ ಓಡಿಸಿ ನೋಡಿ. ಆರ್‌ಎಸ್ ಅಲ್ಲ, ನಿಜ. ಪೋಲೋದಿಂದ ಇಳಿದು ಹತ್ತುವವರಿಗೆ ಮಾತ್ರ ಅದೇನೂ ಕಮ್ಮಿ ಅನಿಸಲ್ಲ.

ಪ್ರಶ್ನೆ: ಪುದುಚೇರಿ ರಿಜಿಸ್ಟ್ರೇಷನ್‌ನ ಎರಡು ವರ್ಷದ ಬಿಎಂಡಬ್ಲ್ಯು ಎಂ340ಐ ಇಲ್ಲಿನದಕ್ಕಿಂತ 8 ಲಕ್ಷ ಕಡಿಮೆಗೆ ಸಿಗ್ತಿದೆ. ತಗೊಳ್ಳಲಾ?
(ಓದುಗರು, ಮಂಗಳೂರು)

ಉತ್ತರ: ಆ 8 ಲಕ್ಷ ಉಳಿತಾಯ ಅಲ್ಲ, ಮುಂದೆ ಕಟ್ಟಬೇಕಾದ ಟ್ಯಾಕ್ಸ್. ಬೇರೆ ರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲೇ ರಿಜಿಸ್ಟರ್ ಮಾಡಿಸಬೇಕು. ಲೈಫ್ ಟ್ಯಾಕ್ಸ್ ಲೆಕ್ಕ ಹಾಕೋದು ನೀವು ಕೊಟ್ಟ ಬೆಲೆಗಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಗೆ. ವಯಸ್ಸು ನೋಡಿ ಸ್ವಲ್ಪ ಬಿಡ್ತಾರೆ, ಎರಡು ವರ್ಷದ ಕಾರಿಗೆ ಬಿಡೋದು ಅಷ್ಟಕ್ಕಷ್ಟೇ. ಎಷ್ಟಾಗುತ್ತೆ ಅಂತ ಆರ್‌ಟಿಒದಲ್ಲಿ ಕೇಳಿ ಬನ್ನಿ, ನನಗನ್ನಿಸುವ ಹಾಗೆ 8 ದಾಟುತ್ತೆ. ಕಟ್ಟದೆ ಓಡಿಸ್ತೀನಿ ಅನ್ನೋ ಯೋಚನೆ ಇದ್ದರೆ, 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೊರರಾಜ್ಯದ ನಂಬರಿನ 30 ಐಷಾರಾಮಿ ಕಾರು ಹಿಡಿದಿದ್ದರು. ಮಾರುವವರಿಗೆ ಹೇಳಿ, ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರಂ 28, ಕೈಗೆ ಬರೋವರೆಗೂ ಅಡ್ವಾನ್ಸ್ ಕೊಡಲ್ಲ ಅಂತ.