ಹದಿನಾಲ್ಕು ಜಾಗ, ಐದು ದಿನ, ಒಂದು ಮಂಡಿನೋವು

ಓದುಗರ ಪತ್ರ: ಮುಂದಿನ ತಿಂಗಳು ಲಂಡನ್ನಿಗೆ ಮಗಳ ಮನೆಗೆ ಹೊರಟಿದ್ದೇವೆ. ಅವಳಿಗೆ ರಜೆ ಸಿಗೋದು ಐದೇ ದಿನ. ಅಳಿಯಂದಿರು ಹದಿನಾಲ್ಕು ಜಾಗಗಳ ಪಟ್ಟಿ ಕಳಿಸಿದ್ದಾರೆ. ಎಲ್ಲ ಅರಮನೆ, ಕೋಟೆ, ದೊಡ್ಡ ಮ್ಯೂಸಿಯಂ. ನಮ್ಮ ಯಜಮಾನರಿಗೆ ಮಂಡಿನೋವು. ಯಾವುದನ್ನು ಬಿಡೋಣ?

ಸಂಪಾದಕರ ಉತ್ತರ: ಅರ್ಧಕ್ಕರ್ಧ ಬಿಡಿ. ಬಕಿಂಗ್‌ಹ್ಯಾಮ್ ಅರಮನೆಯನ್ನು ಗೇಟಿನಿಂದ ನೋಡಿದರೆ ಸಾಕು. ಟವರ್ ಆಫ್ ಲಂಡನ್ ಕೋಟೆಗೆ ಹೋದರೆ ಕೊಹಿನೂರ್ ಕಾಣುತ್ತದೆ, ನಿಜ. ಆದರೆ ಅಲ್ಲಿನ ಕಲ್ಲಿನ ಸುತ್ತು ಮೆಟ್ಟಿಲುಗಳ ಮೇಲೆ ಯಜಮಾನರ ಮಂಡಿ ನಿಮ್ಮನ್ನು ಶಪಿಸುತ್ತದೆ.

ನನ್ನನ್ನು ಕೇಳಿದರೆ, ಯಾರೋ ಬದುಕಿದ ಮನೆಗಳನ್ನು ನೋಡಿ. ಅರಮನೆಯಲ್ಲಿ ಎಲ್ಲರ ಜೊತೆ ಸಾಲಾಗಿ ನಡೆದು ಹೊರಗೆ ಬರುತ್ತೇವೆ, ಅಷ್ಟೇ. ಮನೆಯಲ್ಲಿ ಹಾಗಲ್ಲ, ಆ ಮನುಷ್ಯನ ಹುಚ್ಚು ಕಾಣುತ್ತದೆ.

ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿರುವ ಸರ್ ಜಾನ್ ಸೋನ್ ಅವರ ಮನೆಯನ್ನೇ ತಗೊಳ್ಳಿ. ಬ್ಯಾಂಕ್ ಆಫ್ ಇಂಗ್ಲೆಂಡ್ ಕಟ್ಟಡ ವಿನ್ಯಾಸ ಮಾಡಿದವರು ಅವರು. ಮನೆ ತುಂಬ ಒಡೆದ ಕಂಬ, ವಿಗ್ರಹ, ಕನ್ನಡಿ. ಮನೆಯೊಳಗಿನ ಓಣಿ ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಒಬ್ಬರು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು. ಚಿತ್ರಗಳ ಕೋಣೆ ನಮ್ಮ ದೇವರಕೋಣೆಗಿಂತ ಸ್ವಲ್ಪ ದೊಡ್ಡದು, ಅದರಲ್ಲಿ ನೂರಕ್ಕೂ ಜಾಸ್ತಿ ಚಿತ್ರ! ಹೇಗೆ ಅಂತೀರಾ? ಅಲ್ಲಿನ ಸಿಬ್ಬಂದಿ ಹಿಡಿ ಹಿಡಿದು ಎಳೆದರೆ ಗೋಡೆಯೇ ಬೀರುವಿನ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ಅದರ ಹಿಂದೆ ಮತ್ತೊಂದು ಸಾಲು ಚಿತ್ರ.

ಕೆಳಗಿನ ನೆಲಮನೆಯಲ್ಲಿ ಈಜಿಪ್ಟಿನ ದೊರೆ ಒಂದನೇ ಸೇಟಿಯ ಕಲ್ಲಿನ ಶವಪೆಟ್ಟಿಗೆ ಇದೆ. ಬೆಲೆ ಜಾಸ್ತಿಯಾಯ್ತು ಅಂತ ಬ್ರಿಟಿಷ್ ಮ್ಯೂಸಿಯಂ ಬೇಡ ಎಂದದ್ದನ್ನು ಸೋನ್ 1824ರಲ್ಲಿ 2000 ಪೌಂಡ್ ಕೊಟ್ಟು ತಂದರು. ಮರುವರ್ಷ ಮೂರು ಸಂಜೆ ದೀಪ ಹಚ್ಚಿ, ಊರಿನ ದೊಡ್ಡವರನ್ನೆಲ್ಲ ಕರೆದು ತೋರಿಸಿದರು. ಹೊಸ ಕಾರು ತಂದವರ ಸಡಗರ ನೆನಪಾಗುತ್ತೆ, ಅಲ್ವಾ? ಮಗನ ಜೊತೆ ಅವರಿಗೆ ಆಗುತ್ತಿರಲಿಲ್ಲ. ಮನೆ ಅವನ ಕೈಸೇರದಂತೆ, ಇದ್ದದ್ದು ಇದ್ದ ಹಾಗೇ ಉಳಿಯಬೇಕು ಅಂತ 1833ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿದರು. ಪ್ರವೇಶ ಉಚಿತ.

ಗಫ್ ಸ್ಕ್ವೇರ್‌ನ ಡಾ. ಜಾನ್ಸನ್ ಮನೆಗೆ ನೀವೂ ಮಗಳೂ ಹೋಗಿ ಬನ್ನಿ. 1755ರಲ್ಲಿ ಬಂದ ಅವರ ಇಂಗ್ಲಿಷ್ ನಿಘಂಟು ಸಿದ್ಧವಾದದ್ದು ಆ ಮನೆಯ ಅಟ್ಟದಲ್ಲಿ. ಅಟ್ಟ ಅಂದಮೇಲೆ ಹತ್ತಲೇಬೇಕು. ಯಜಮಾನರು ಕೆಳಗೆ ಚೌಕದಲ್ಲಿರುವ ಹಾಡ್ಜ್ ಜೊತೆ ಇರಲಿ. ಹಾಡ್ಜ್ ಅಂದರೆ ಜಾನ್ಸನ್ ಸಾಕಿದ ಬೆಕ್ಕು, ಈಗ ಕಂಚಿನ ಪ್ರತಿಮೆ. ಕಾಲ ಬಳಿ ಸಿಂಪಿ ಚಿಪ್ಪು. ಬೆಕ್ಕಿಗೆ ಸಿಂಪಿ ತರೋದಕ್ಕೆ ಆಳುಗಳನ್ನು ಕಳಿಸಿದರೆ ಅವರು ಬೆಕ್ಕಿನ ಮೇಲೆ ಸಿಟ್ಟಾದಾರು ಅಂತ ಜಾನ್ಸನ್ ತಾವೇ ಹೋಗಿ ತರುತ್ತಿದ್ದರಂತೆ.

ದೊಡ್ಡ ಮ್ಯೂಸಿಯಂ ಒಂದಾದರೂ ಬೇಕು ಅಂದರೆ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಅದೂ ಉಚಿತ, ಲಿಫ್ಟೂ ಇದೆ. ಎಲ್ಲ ಕೋಣೆ ಸುತ್ತಬೇಡಿ. ನೇರವಾಗಿ ಟಿಪ್ಪುವಿನ ಹುಲಿಯ ಹತ್ತಿರ ಹೋಗಿ. ಮರದ ಹುಲಿ, ಅದರ ಕೆಳಗೆ ಬಿದ್ದ ಬಿಳಿಯ. ಪಕ್ಕದ ಹಿಡಿ ತಿರುಗಿಸಿದರೆ ಅವನ ಕೈ ಏಳುತ್ತೆ, ನರಳುವ ಸದ್ದೂ ಬರುತ್ತೆ. ಆದರೆ ಅದು ಗಾಜಿನೊಳಗಿದೆ, ನಾವು ತಿರುಗಿಸುವ ಹಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಇಲ್ಲಿಂದ ಹೋದವರಿಗೆ ಅದರ ಮುಂದೆ ನಿಂತರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಇನ್ನೊಂದು, ಪ್ರಿಮ್‌ರೋಸ್ ಹಿಲ್ ಹತ್ತಿರ 10, ಕಿಂಗ್ ಹೆನ್ರೀಸ್ ರೋಡ್. ಓದುವಾಗ 1921–22ರಲ್ಲಿ ಅಂಬೇಡ್ಕರ್ ಇದ್ದ ಮನೆ. ಈಗ ಮಹಾರಾಷ್ಟ್ರ ಸರ್ಕಾರದ್ದು.

ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಸೋನ್ ಮನೆಗೆ ಸೋಮವಾರ, ಮಂಗಳವಾರ ಮಾತ್ರ ಹೋಗಬೇಡಿ. ನಾನು ವಿಚಾರಿಸದೆ ಸೋಮವಾರ ಹೋಗಿ, ಮುಚ್ಚಿದ ಬಾಗಿಲು ನೋಡಿ, ಎದುರಿನ ಪಾರ್ಕಿನಲ್ಲಿ ಸುಮ್ನೆ ಕೂತು ಬಂದಿದ್ದೆ. ಪಟ್ಟಿ ಕತ್ತರಿಸಿದ್ದಕ್ಕೆ ಅಳಿಯಂದಿರು ಬೇಜಾರಾದರೆ ನನ್ನ ಹೆಸರು ಹೇಳಿ.